ಒಳಗೆಳೆದುಕೊಂಡ ಹೊಟ್ಟೆ

ಆಗಸ್ಟ್ 4, ಸೋಮವಾರ, ಬೆಳಿಗ್ಗೆ

ಇವತ್ತೂ ತಿಂಡಿ ಗೇಟಿನ ನಾಯಿಗೆ. ಅಮ್ಮನ ಎದುರಿಗೆ ಒಂದು ತುತ್ತು, ಉಳಿದದ್ದು ಡಬ್ಬಿಗೆ, ಡಬ್ಬಿಯಿಂದ ನಾಯಿಗೆ. ವಾರದಿಂದ ಇದೇ ಕಥೆ. ನಾಯಿ ದುಂಡಗಾಗುತ್ತಿದೆ. ನನ್ನ ಹೊಟ್ಟೆ ಮಾತ್ರ ಇದ್ದಲ್ಲೇ ಇದೆ, ಬಂದು ಹೋಗದ ನೆಂಟರ ಹಾಗೆ.

ಸಂಜೆ

ಅಣ್ಣ ಜಿಮ್‌ಗೆ ಸೇರಿ ಎರಡು ತಿಂಗಳು. ಆಗಲೇ ಪ್ರೊಫೆಸರ್. "ಗುಂಡಮ್ಮಾ, ರಾತ್ರಿ ಊಟ ಬಿಡು. ಸಿಟಪ್ ಹೊಡಿ. ಹೊಟ್ಟೆ ತಾನಾಗೇ ಒಳಗೋಗುತ್ತೆ" ಅಂದ. ಯಾರು ಹೇಳಿದ್ದು ಅಂದರೆ "ವಿಡಿಯೋದಲ್ಲಿ". ಬಾಯಿಗೆ ಬಂದಂತೆ ಬೈದೆ. ಆಮೇಲೆ ಬಾಗಿಲು ಹಾಕಿಕೊಂಡು ಸಿಟಪ್ ಹೊಡೆದೆ. ಥೂ ನನ್ನ ಜನ್ಮಕ್ಕೆ.

ಆಗಸ್ಟ್ 6, ಬುಧವಾರ

ಬ್ಯಾಂಡ್ ಸ್ಪರ್ಧೆಗೆ ಎಲ್ಲರಿಗೂ ಹೊಸ ಕೋಟು. ಹೊಲಿಯುವುದು ಅಮ್ಮ. ನಮ್ಮ ಮನೆಯ ಮುಂದಿನ ಕೋಣೆಯೇ ಅವಳ ಟೈಲರ್ ಅಂಗಡಿ. ಶಾಲೆ ಬಿಟ್ಟ ಮೇಲೆ ಇಡೀ ಬ್ಯಾಂಡು ಅಲ್ಲಿ ಬಂದು ಬಿತ್ತು. ಅಮ್ಮನ ಪದ್ಧತಿ ಗೊತ್ತಲ್ಲ... ಟೇಪು ಹಿಡಿದು ಅಳತೆ ಜೋರಾಗಿ ಕೂಗುತ್ತಾಳೆ, ಅಣ್ಣ ಬರೆದುಕೊಳ್ಳುತ್ತಾನೆ. ಬೀದಿಯ ಆ ತುದಿಗೂ ಕೇಳಬೇಕು.

ನನ್ನ ಸರದಿ. ಡ್ರಮ್ ಹುಡುಗರು ಬಾಗಿಲಲ್ಲೇ ನಿಂತಿದ್ದಾರೆ. ಹೊಟ್ಟೆಯನ್ನು ಬೆನ್ನಿಗೆ ಅಂಟುವಷ್ಟು ಒಳಗೆಳೆದುಕೊಂಡೆ.

"ಉಸಿರು ಬಿಡೇ."

"ಬಿಟ್ಟಿದೀನಮ್ಮ."

ಅಮ್ಮ ಅಳತೆ ಕೂಗಿದಳು. ಪರವಾಗಿಲ್ಲ, ಯಾರೂ ನಗಲಿಲ್ಲ. ಗೆದ್ದೆ ಅಂದುಕೊಂಡೆ.

ಆಗಸ್ಟ್ 14, ಗುರುವಾರ

ಕೋಟು ಬಂತು. ಕಡುಗೆಂಪು, ಹಿತ್ತಾಳೆ ಗುಂಡಿ. ಎಷ್ಟು ಚೆಂದ! ಕನ್ನಡಿಯಲ್ಲಿ ನನ್ನನ್ನು ನಾನೇ ಗುರುತಿಸಲಿಲ್ಲ. ಒಂದೇ ತೊಂದರೆ, ಉಸಿರಾಡಬಾರದು.

ಟ್ರಂಪೆಟ್ ಎತ್ತಿ ಊದಿದೆ. ಕುರಿ ಕೆಮ್ಮಿದ ಹಾಗೆ ಬಂತು.

ಸೋಲೋ ನನ್ನದು. ಇಡೀ ಬ್ಯಾಂಡು ನಿಲ್ಲುತ್ತದೆ, ನಾನೊಬ್ಬಳೇ ಎದ್ದು ಊದಬೇಕು. ಕೊನೆಯಲ್ಲಿ ಆ ಉದ್ದದ ಸ್ವರ. "ಗಂಟಲಿಂದಲ್ಲ, ಹೊಟ್ಟೆಯಿಂದ ಊದು" ಅಂತ ಬ್ಯಾಂಡ್ ಮೇಷ್ಟ್ರು ಬಾಯಿ ಬಡಿದುಕೊಳ್ಳುತ್ತಾರೆ. ಈ ಕೋಟಿನಲ್ಲಿ ಹೊಟ್ಟೆಗೆ ಜಾಗವೇ ಇಲ್ಲ. ಅಮ್ಮನಿಗೆ ಹೇಳಿದರೆ ಅಳತೆ ಸುಳ್ಳು ಅಂತ ಗೊತ್ತಾಗುತ್ತದೆ. ಸ್ಪರ್ಧೆ ಮುಂದಿನ ತಿಂಗಳ ಕೊನೆಗೆ. ಅಷ್ಟರಲ್ಲಿ ಹೊಟ್ಟೆ ಇಳಿಸಿಬಿಟ್ಟರೆ ಯಾರಿಗೂ ಏನೂ ಹೇಳಬೇಕಾಗಿಲ್ಲ.

ಆಗಸ್ಟ್ 19, ಮಂಗಳವಾರ

ಮಧ್ಯಾಹ್ನದ ಊಟವೂ ಬಂದ್. ತಲೆ ಗಿರ್ ಅನ್ನುತ್ತದೆ. ಗಣಿತ ಕಿವಿಗೇ ಹೋಗಲಿಲ್ಲ. ಪಕ್ಕದಲ್ಲಿ ಕೂರುವ ಕೋಲು — ನನ್ನ ಗೆಳತಿ, ಕಡ್ಡಿಯಷ್ಟು ಸಣ್ಣ, ಅವಳೂ ಟ್ರಂಪೆಟ್ — "ಯಾಕೇ ಸಪ್ಪಗಿದೀಯ?" ಅಂದದ್ದಕ್ಕೆ ಸುಮ್ಮಸುಮ್ಮನೆ ಎಗರಿ ಬಿದ್ದೆ. ಸಂಜೆ ತಡೆಯಲಾಗದೆ ಬಿಸ್ಕತ್ತಿನ ಇಡೀ ಪೊಟ್ಟಣ ಮುಗಿಸಿದೆ. ಮೇಲೊಂದು ಬಾಟಲಿ ತಂಪು ಪಾನೀಯ. ಆಮೇಲೆ ಅತ್ತುಬಿಟ್ಟೆ. ಮತ್ತೆ ಸಿಟಪ್. ಕೂತಲ್ಲಿ ಕೂರಲಾಗುತ್ತಿಲ್ಲ, ನಿಂತಲ್ಲಿ ನಿಲ್ಲಲಾಗುತ್ತಿಲ್ಲ...

ಆಗಸ್ಟ್ 25, ಸೋಮವಾರ

ಶುಕ್ರವಾರ ಬಿದ್ದೆ.

ರಿಹರ್ಸಲ್‌ನಲ್ಲಿ, ಆ ಉದ್ದದ ಸ್ವರದ ನಡುವೆ. ಕಣ್ಣು ಕತ್ತಲೆ ಬಂತು. ಎದ್ದಾಗ ಶಾಲೆಯ ನರ್ಸ್ ರೂಮಿನ ಮಂಚ. ಟ್ರಂಪೆಟ್ ಬಾಯಿ ಸೊಟ್ಟಗಾಗಿದೆ. ಸೋಲೋ ಕೋಲುಗೆ. "ಸದ್ಯಕ್ಕೆ" ಅಂದರು ಮೇಷ್ಟ್ರು. ಅವಳು ನನ್ನ ಮುಖ ನೋಡಲಿಲ್ಲ, ನಾನೂ ನೋಡಲಿಲ್ಲ.

ಸಿಸ್ಟರ್ ಬೈಯಲಿಲ್ಲ, ಅದೇ ಕಷ್ಟವಾಯಿತು. "ಹದಿಮೂರು ವರ್ಷ. ಮೈ ಇನ್ನೂ ಬೆಳೀತಿದೆ ಕಣಮ್ಮ. ಈಗ ಅನ್ನ ಬಿಟ್ರೆ ಹೊಟ್ಟೆ ಹೋಗಲ್ಲ, ಶಕ್ತಿ ಹೋಗುತ್ತೆ. ಸಿಟಪ್ ಹೊಡೆದ್ರೆ ಹೊಟ್ಟೆ ಗಟ್ಟಿಯಾಗುತ್ತೆ, ಕೊಬ್ಬು ಅಲ್ಲಿಂದಲೇ ಕರಗಲ್ಲ" ಅಂದರು. ಹೊತ್ತಿಗೆ ಸರಿಯಾಗಿ ಊಟ, ಸಿಹಿ ಬಾಟಲಿ ಬದಲು ನೀರು, ದಿನಾ ಆಟ, ಕಣ್ತುಂಬ ನಿದ್ದೆ. ಅಷ್ಟೇನಾ ಅಂದೆ. "ಅಷ್ಟೇ. ಮಾಡಿ ನೋಡು, ಎಷ್ಟು ಕಷ್ಟ ಅಂತ ಗೊತ್ತಾಗುತ್ತೆ." ತಿಂಗಳು ಬಿಟ್ಟು ಮತ್ತೆ ಬರಬೇಕಂತೆ.

ಮನೆಯಲ್ಲಿ ಎಲ್ಲಾ ಹೊರಗೆ ಬಂತು. ನಾಯಿ, ಡಬ್ಬಿ, ಕೋಟು, ಅಳತೆ. ಅಮ್ಮ ಮೊದಲು "ಹೊಟ್ಟೆಗೆ ಹಿಟ್ಟಿಲ್ಲದಿದ್ರೂ ಜುಟ್ಟಿಗೆ ಮಲ್ಲಿಗೆ ಹೂವು ಅನ್ನೋದು ನಿನ್ನಂಥೋರಿಗೇ" ಅಂದಳು. ಆಮೇಲೆ ಟೇಪು ಕೈಗೆತ್ತಿಕೊಂಡಳು.

"ನನ್ನ ಟೇಪಿಗೂ ಸುಳ್ಳು ಹೇಳ್ತೀಯೇನೇ?"

"ನೀನು ಎಲ್ಲರೆದುರು ಕೂಗ್ತೀಯಲ್ಲ! ಊರಿಗೆಲ್ಲ ಕೇಳೋ ಹಾಗೆ! ಸಾಯೋಷ್ಟು ನಾಚಿಕೆ ಆಗುತ್ತೆ ನಂಗೆ!"

ಅಷ್ಟು ಜೋರಾಗಿ ಅಮ್ಮನ ಮೇಲೆ ಎಂದೂ ಕಿರುಚಿರಲಿಲ್ಲ. ಸಂಜೆಯೆಲ್ಲ ಹೊಲಿಗೆ ಯಂತ್ರದ ಸದ್ದೇ ಇಲ್ಲ. ಅಣ್ಣನೂ ಗುಂಡಮ್ಮ ಅನ್ನಲಿಲ್ಲ. ಅಮ್ಮನಿಗೆ ನಾನು ಹಾಗೆ ಅನ್ನಬಾರದಿತ್ತು ಅನಿಸುತ್ತಿದೆ. ಅಂದದ್ದು ನಿಜವೂ ಹೌದು.

ಸೆಪ್ಟೆಂಬರ್ 13, ಶನಿವಾರ

ಬರೆಯಲು ಪುರಸೊತ್ತೇ ಇರಲಿಲ್ಲ. ಆಡುತ್ತಿದ್ದೆ.

ತಿಂಡಿ ಪೂರ್ತಿ ನನಗೇ. ನಾಯಿ ಮುಖ ತಿರುಗಿಸಿಕೊಂಡು ಹೋಗುತ್ತದೆ. ತಂಪು ಪಾನೀಯದ ಬಾಟಲಿಗಳನ್ನು ಮನೆಗೆ ತರುವುದೇ ನಿಂತಿದೆ, ಯಾರಿಗೂ ಇಲ್ಲ. ಅಣ್ಣನ ಗೊಣಗಾಟ ಕೇಳಬೇಕು. ಅವನನ್ನೂ ಬ್ಯಾಡ್ಮಿಂಟನ್‌ಗೆ ಎಳೆದುಕೊಂಡು ಹೋದೆ. ಪ್ರೊಫೆಸರ್ ಸಾಹೇಬರು ಅರ್ಧ ಆಟಕ್ಕೇ ಏದುಸಿರು ಬಿಟ್ಟು ಕೂತರು. ಸಂಜೆ ಅಂಗಡಿ ಮುಚ್ಚಿ ಅಮ್ಮನೂ ನಾನೂ ನಡೆಯುತ್ತೇವೆ. ದಿನವಿಡೀ ಕೂತು ಅವಳ ಸೊಂಟ ಹಿಡಿದಿದೆ. "ನಿನಗೋಸ್ಕರ ಅಲ್ಲ ಕಣೇ, ನಂಗೋಸ್ಕರ ಬರ್ತಿರೋದು" ಅನ್ನುತ್ತಾಳೆ. ಗಿರಾಕಿಗಳ ಅಳತೆಯನ್ನು ಈಗ ಅವಳೇ ಬರೆದುಕೊಳ್ಳುತ್ತಾಳೆ, ಬಾಯಿಬಿಡದೆ.

ಹೊಟ್ಟೆ? ಗೊತ್ತಿಲ್ಲ. ಚಡ್ಡಿಯ ಲಾಡಿ ಸ್ವಲ್ಪ ಸಡಿಲ ಅನಿಸುತ್ತದೆ, ಭ್ರಮೆಯೂ ಇರಬಹುದು. ಕನ್ನಡಿಯ ಹತ್ತಿರ ಹೋಗಬಾರದು ಅಂದುಕೊಂಡು ಮತ್ತೆ ಮತ್ತೆ ಹೋಗುತ್ತೇನೆ. ಯಾವಾಗ ಹೋಗುತ್ತದೋ ಈ ಹಾಳು ಚಾಳಿ.

ಆದರೆ ಉದ್ದದ ಸ್ವರ ಬಂತು! ಪೂರ್ತಿ. ಮೇಷ್ಟ್ರು ಕೈ ಬೀಸುವುದನ್ನೇ ಮರೆತರು. ಸೋಲೋ ನನಗೇ ವಾಪಸ್. ಗೆಳತಿ "ಅಬ್ಬಾ, ಬದುಕಿದೆ" ಅಂದಳು. ಪಾಪ, ಅವಳಿಗೆ ಎದ್ದು ನಿಲ್ಲಲು ಭಯವಂತೆ. ಇಷ್ಟು ದಿನ ಅವಳ ಮೇಲೆ ಹೊಟ್ಟೆಕಿಚ್ಚುಪಟ್ಟೆನಲ್ಲ!

ಸೆಪ್ಟೆಂಬರ್ 23, ಮಂಗಳವಾರ

ಕೋಟು ಹಾಕಿ ನೋಡಿದೆ. ಸುಮ್ಮನೆ ನಿಂತರೆ ಗುಂಡಿ ಹಾಕಲು ಬರುತ್ತದೆ. ಉಸಿರು ತುಂಬಿಕೊಂಡರೆ ಇಲ್ಲ. ಇಷ್ಟು ದಿನ ಇಷ್ಟೆಲ್ಲ ಮಾಡಿಯೂ!

"ಎರಡೂ ಪಕ್ಕ ಬಿಚ್ಚಿ ನಡುವೆ ಬಟ್ಟೆ ಪಟ್ಟಿ ಸೇರಿಸಿ ಅಗಲ ಮಾಡ್ಕೊಡ್ತೀನಿ" ಅಂದಳು ಅಮ್ಮ. ಅದೇ ಬಣ್ಣದ ಬಟ್ಟೆ ಚೂರೂ ಉಳಿದಿಲ್ಲ. ಅಂಗಡಿಯಲ್ಲೂ ಇಲ್ಲ. ಇರುವುದು ಕಪ್ಪು.

"ಬೇಡ! ಎಲ್ಲರಿಗೂ ಕಾಣುತ್ತೆ. ಇವಳೊಬ್ಬಳಿಗೆ ಮಾತ್ರ ಕೋಟು ಸಾಲಲಿಲ್ಲ ಅಂತಾರೆ."

ಗುಂಡಿ ಹಾಕದೆ ನಿಂತರೆ ಅಂತ ಮೇಷ್ಟ್ರನ್ನು ಕೇಳಿದೆ. ಅರೆಬರೆ ಯೂನಿಫಾರಂನಲ್ಲಿ ಸ್ಟೇಜ್ ಹತ್ತುವ ಹಾಗಿಲ್ಲ. ಅಂದರೆ ಪಟ್ಟಿ, ಇಲ್ಲವೇ ಸೋಲೋ ಬಿಡು. ಮಾಡಿದ್ದುಣ್ಣೋ ಮಹರಾಯ.

ಸೆಪ್ಟೆಂಬರ್ 25, ಗುರುವಾರ

ಊಟ ಬಿಟ್ಟುಬಿಡಲಾ ಅಂತ ಬೆಳಿಗ್ಗೆ ಒಮ್ಮೆ ಅನಿಸಿತು. ಎರಡೇ ದಿನ ತಾನೇ... ತಟ್ಟೆಯ ಮುಂದೆ ಸುಮ್ಮನೆ ಕೂತಿದ್ದೆ. ಅಮ್ಮ ನೋಡುತ್ತಿದ್ದಳು.

ತಿಂದೆ. ತಿಂದು ಕೋಟು ತಂದು ಅವಳ ಯಂತ್ರದ ಮೇಲಿಟ್ಟೆ.

ಸೆಪ್ಟೆಂಬರ್ 27, ಶನಿವಾರ, ಸ್ಟೇಜಿನ ಹಿಂದೆ

ಮೊಣಕಾಲ ಮೇಲಿಟ್ಟು ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟ. ನಮಗಿಂತ ಮುಂಚೆ ಇನ್ನೊಂದು ಶಾಲೆ. ಚೆನ್ನಾಗಿ ನುಡಿಸುತ್ತಿದ್ದಾರೆ, ಹಾಳಾದವರು. ಕೂತಲ್ಲಿ ಕಾಲು ನಿಲ್ಲುತ್ತಿಲ್ಲ.

ಪಟ್ಟಿ ಕಂಕುಳಿಂದ ಸೊಂಟದವರೆಗೆ, ಅಂಗೈ ಅಗಲ, ಕಪ್ಪು. ಕೈ ಇಳಿಬಿಟ್ಟರೆ ಕಾಣುವುದಿಲ್ಲ. ಎತ್ತಿದರೆ ಕಾಣುತ್ತದೆ. ಎತ್ತದೆ ಟ್ರಂಪೆಟ್ ಊದುವುದು ಹೇಗೆ?

ಡ್ರಮ್ ಹುಡುಗನೊಬ್ಬ ಈಗಷ್ಟೇ ನೋಡಿಬಿಟ್ಟ. "ಇದೇನೇ ಕಪ್ಪು ಪಟ್ಟಿ? ಕೋಟು ಹಿಡೀಲಿಲ್ವಾ?"

"ಹೂಂ ಕಣೋ, ಹೊಟ್ಟೆ ಹಿಡೀಲಿಲ್ಲ. ಏನೀಗ?"

ನನ್ನ ಬಾಯಿಂದಲೇ ಬಂತು! ಅವನು ಪೆಚ್ಚಾಗಿ "ಏನಿಲ್ಲಪ್ಪ" ಅಂತ ಡ್ರಮ್ಮಿನ ಹಗ್ಗ ಬಿಗಿಯಲು ಹೋದ. ಅಷ್ಟೇ. ಅದಕ್ಕಿಂತ ಹೆಚ್ಚೇನೂ ಆಗಲಿಲ್ಲ. ಆದರೂ ಮೈ ಬೆವರುತ್ತಿದೆ. ಹೊರಗೆ ಇನ್ನೂ ಎಷ್ಟು ಜನರೋ.

ಪರದೆ ಸರಿಸಿ ನೋಡಿದೆ. ಅಮ್ಮ ಮುಂದಿನ ಸಾಲಿನಲ್ಲಿ, ಸೆರಗಿನ ತುದಿ ಹಲ್ಲಲ್ಲಿ ಕಚ್ಚಿಕೊಂಡು. ನನಗಿಂತ ಅವಳಿಗೇ ಭಯ.

ಚಪ್ಪಾಳೆ. ಅವರದು ಮುಗಿಯಿತು. ಮೇಷ್ಟ್ರು "ಏಳಿ, ಏಳಿ" ಅನ್ನುತ್ತಿದ್ದಾರೆ. ಎರಡೂ ಕೈ ಎತ್ತಬೇಕು, ಪೂರ್ತಿ ಎತ್ತಬೇಕು, ಕಾಣುವವರಿಗೆ ಕಾಣಲಿ, ನಾನು ಮಾತ್ರ ಉಸಿರನ್ನು ಹೊಟ್ಟೆ ತುಂಬ ತುಂಬಿಕೊಳ್ಳಬೇಕು. ಕರೆದರು, ಹೊರಟೆ.