ಆಯ್ತು ಅಂದರೆ ಆಗಿಲ್ಲ

ನರ್ಸಿಂಗ್ ಹಾಸ್ಟೆಲ್, ಮೂರನೇ ಮಹಡಿ
ಮಾರ್ಚ್ ೧೨, ಭಾನುವಾರ

ಪ್ರೀತಿಯ ಅಪ್ಪಾ,

ಹೇಗಿದ್ದೀಯ? ಸೊಂಟನೋವು ಕಡಿಮೆಯಾಯಿತೇ? ಲಾರಿ ಸೀಟಿಗೆ ದಿಂಬು ಹಾಕಿಕೊಂಡೆಯೋ, ಇಲ್ಲ ನನ್ನ ಮಾತನ್ನು ಈ ಕಿವಿಯಲ್ಲಿ ಕೇಳಿ ಆ ಕಿವಿಯಲ್ಲಿ ಬಿಟ್ಟೆಯೋ? ನಾನು ಚೆನ್ನಾಗಿದ್ದೇನೆ ಎಂದು ಬರೆಯಬೇಕು, ಬರೆದಿದ್ದೇನೆ. ರಜೆಗೆ ಗೆಳತಿಯರೆಲ್ಲ ಮನೆಗೆ ಹೋದರು. ಅಮ್ಮ ತೀರಿಕೊಂಡ ಮೇಲೆ ನಮ್ಮ ಮನೆಗೆ ಬೀಗ, ನೀನು ರಸ್ತೆಯ ಮೇಲೆ. ನಾನು ಹೋಗುವುದಾದರೂ ಎಲ್ಲಿಗೆ? ಕೋಣೆಯಲ್ಲಿ ಖಾಲಿ ಮಂಚಗಳ ನಡುವೆ ಒಬ್ಬಳೇ ಇದ್ದೇನೆ. ಬೇಜಾರಾಗುತ್ತದೆ ಅಪ್ಪಾ.

ಹೊತ್ತು ಹೋಗಲೆಂದು ರಜೆಯಲ್ಲೂ ವಾರ್ಡಿಗೆ ಹೋಗುತ್ತಿದ್ದೇನೆ. ಮೊನ್ನೆ ಅಲ್ಲಿ ಒಬ್ಬ ದರ್ಜಿ ತಾತನಿಗೆ ಮಧ್ಯಾಹ್ನದ ಇನ್ಸುಲಿನ್ ಕೊಟ್ಟೆವು. ನಿನ್ನದೇ ಥರದ್ದು, ಬೇಗ ಕೆಲಸ ಮಾಡುವಂಥದ್ದು. ಅದು ಒಳಗೆ ಹೋದ ಮೇಲೆ ಊಟಕ್ಕೆಂದು ಕಾಯುವುದಿಲ್ಲ, ಇದ್ದ ಸಕ್ಕರೆಯನ್ನೇ ಇಳಿಸುತ್ತಾ ಹೋಗುತ್ತದೆ. ಅದಕ್ಕೇ ತಟ್ಟೆ ಮುಂದೆ ಬಂದ ಮೇಲೆಯೇ ಚುಚ್ಚಿದೆವು. ಸ್ವಲ್ಪ ಹೊತ್ತಿಗೆ ನಾನು ಬಾಗಿಲಿಂದಲೇ "ಊಟ ಆಯ್ತಾ ತಾತ?" ಎಂದೆ. "ಆಯ್ತಮ್ಮಾ, ನಿಂದಾಯ್ತಾ?" ಎಂದರು. ನಾನು ನಕ್ಕು ಮುಂದೆ ಹೋದೆ. ಮತ್ತೆ ಬಂದಾಗ ಅಂಗಿಯೆಲ್ಲ ಬೆವರು, ಕೈ ಗಡಗಡ ನಡುಕ, ನನ್ನನ್ನೇ ಯಾರೆಂದು ಕೇಳುತ್ತಿದ್ದಾರೆ. ತಟ್ಟೆಯ ಮುಚ್ಚಳ ತೆಗೆದೇ ಇರಲಿಲ್ಲ. ಮಗ ಬರಲಿ, ಜೊತೆಗೆ ಉಣ್ಣೋಣ ಎಂದು ಕಾದಿದ್ದರಂತೆ. ಸಿಸ್ಟರ್ ಓಡಿಬಂದು ಸಕ್ಕರೆ ಅಳೆದರು, ತೀರಾ ಇಳಿದಿತ್ತು. ನುಂಗುವಷ್ಟು ಎಚ್ಚರವಿದ್ದುದರಿಂದ ಗ್ಲೂಕೋಸ್ ನೀರು ಕುಡಿಸಿ, ಕಾಲು ಗಂಟೆ ಬಿಟ್ಟು ಮತ್ತೆ ಅಳೆದು, ಆಮೇಲೆ ಊಟ ಮಾಡಿಸಿದರು. ಆಮೇಲೆ ನನಗೆ ಸರಿಯಾಗಿ ಬೈದರು: "ಊಟ ಆಯ್ತಾ ಅಂತ ಕೇಳ್ಬೇಡ ಕಣೇ. ಅದಕ್ಕೆ ಎಲ್ರೂ ಆಯ್ತು ಅಂತಾನೇ ಹೇಳೋದು. ತಟ್ಟೆ ನೋಡು."

ಅಂದಿನಿಂದ ನೀನೇ ಕಣ್ಣಮುಂದೆ. ಚುಚ್ಚಿಕೊಂಡು "ಲೋಡ್ ಆಗ್ಲಿ, ಆಮೇಲೆ ಉಣ್ತೀನಿ" ಎನ್ನುವವನು ನೀನು. ಹೋದ ತಿಂಗಳು ಮೈ ಬೆವತು ರಸ್ತೆ ಎರಡೆರಡಾಗಿ ಕಂಡಿತು ಎಂದು ನಗುತ್ತಾ ಹೇಳಿದೆ. "ಬಿಸಿಲು ಕಣಮ್ಮ" ಎಂದೆ. ಅದು ಬಿಸಿಲಲ್ಲ ಅಪ್ಪಾ. ಮತ್ತೆ ಹಾಗೇನಾದರೂ ಆದರೆ ಆ ಕ್ಷಣವೇ ಲಾರಿ ನಿಲ್ಲಿಸು, ಮೂರು ಚಮಚ ಸಕ್ಕರೆ ನೀರಿಗೆ ಹಾಕಿ ಕುಡಿ. ಪೂರ್ತಿ ಸರಿಹೋಗಿ, ಊಟ ಮಾಡುವ ತನಕ ಸ್ಟೇರಿಂಗ್ ಮುಟ್ಟಬೇಡ. ನನಗೆ ಇರುವುದು ನೀನೊಬ್ಬನೇ.

ಜೋಪಾನ.

ನಿನ್ನ
ಪುಟ್ಟಿ

ಮರೆತೆ: ಫೋನಿನಲ್ಲಿ ನೀನು ಕೇಳಿದಾಗಲೆಲ್ಲ ನಾನೂ "ಆಯ್ತು" ಎನ್ನುತ್ತೇನಲ್ಲ, ಎಷ್ಟೋ ದಿನ ಆಗಿರುವುದಿಲ್ಲ. ಒಬ್ಬಳೇ ಮೆಸ್ಸಿಗೆ ಹೋಗಲು ಮನಸ್ಸಾಗುವುದಿಲ್ಲ. ಇನ್ನು ಮೇಲೆ ಲಾರಿ ನಿಲ್ಲಿಸಿ, ತಟ್ಟೆ ಮುಂದಿಟ್ಟುಕೊಂಡು ಫೋನ್ ಮಾಡು, ನಾನೂ ಇಟ್ಟುಕೊಂಡಿರುತ್ತೇನೆ. ಮಾತೇನೂ ಬೇಡ. ನೀನು ಅಗಿಯುವ ಸದ್ದು ಕೇಳಿಸಿದರೆ ಸಾಕು.