ಸೋಸದ ನೀರು

2 ಸೆಪ್ಟೆಂಬರ್ 2025, ಮಂಗಳವಾರ, ಬೆಳಿಗ್ಗೆ 6.40

ಇದನ್ನು ಇಲ್ಲಿಯೂ ಬರೆಯುವುದು ಬೇಡ ಅಂದುಕೊಂಡಿದ್ದೆ. ವಾಷಿಂಗ್ ಮಷೀನಿನ ನಳಕ್ಕೆ ನಾನು ಒಮ್ಮೆಯೂ ಸೋಸುವ ಬಟ್ಟೆ ಕಟ್ಟಿಲ್ಲ. ಆರು ವರ್ಷ. ಕಟ್ಟಿದ್ದೇನೆ ಎಂದೇ ಅತ್ತೆಗೆ ಹೇಳುತ್ತ ಬಂದೆ.

ಮಷೀನ್ ಇವತ್ತೂ ಹಾಗೇ. ನೀರು ತುಂಬುತ್ತದೆ, ತಿರುಗುವುದಿಲ್ಲ. ಮುಚ್ಚಳ ತೆಗೆದು ಹಾಕಿದೆ. ಪ್ಲಗ್ ಕಿತ್ತು ಹತ್ತು ನಿಮಿಷ ಬಿಟ್ಟೆ. ನೀರು ಅಂಚಿನವರೆಗೆ ಬಂತು — ನಳ ಬಂದ್ ಮಾಡಿದೆ. ಒಳಗೆ ಅತ್ತೆಯ ನಾಲ್ಕು ಬಿಳಿ ಸೀರೆ ಸುಮ್ಮನೆ ತೇಲುತ್ತಿವೆ.

3 ಸೆಪ್ಟೆಂಬರ್

ಅತ್ತೆ ಮಾರ್ಚಿನಿಂದ ಹುಕ್ಕೇರಿಯಲ್ಲಿ, ಮಗಳು ಮೇಘಾಳ ಮನೆಯಲ್ಲಿ. ಮೇಘಾ ನರ್ಸ್. ಅತ್ತೆ ಹಾಸಿಗೆ ಬಿಟ್ಟು ಏಳುವುದಿಲ್ಲ. ಆದರೆ ನೇಮ ಬಿಟ್ಟಿಲ್ಲ: ಸೋಸದ ನೀರಿನಲ್ಲಿ ಕಣ್ಣಿಗೆ ಕಾಣದ ಜೀವಗಳು ಸಾಯುತ್ತವೆ, ಅದರಲ್ಲಿ ಒಗೆದದ್ದನ್ನು ಉಡಬಾರದು. ಅದಕ್ಕೇ ಪ್ರತಿ ವಾರ ಸೀರೆಗಳ ಚೀಲ ಬಸ್ಸಿನಲ್ಲಿ ಮೂಡಲಗಿಗೆ ಬರುತ್ತದೆ. ನಾನು ಒಗೆದು ಭಾನುವಾರ ಕಳಿಸುತ್ತೇನೆ.

ಫೋನಿನಲ್ಲಿ ಅಂದರು, "ಮೇಘಾನ ಮನ್ಯಾಗ ನಳಕ್ಕ ಅರಿವಿ ಇಲ್ಲವ್ವಾ. ನೀ ಒಗದದ್ದ ಉಟ್ಟರ ಜೀವಕ್ಕ ಹಗರ."

ಹಿಂದಿನಿಂದ ಮೇಘಾ, "ಹೂಂ, ಸೊಸಿ ದೇವ್ರು, ಮಗಳು ಪಾಪಿಷ್ಟಿ!"

"ಅತ್ತೀ..." ಅಂದೆ.

"ಏನವ್ವಾ ಅನು?"

"ಏನಿಲ್ರಿ. ಔಷಧ ತೊಗೊಂಡ್ರಿ?"

5 ಸೆಪ್ಟೆಂಬರ್, ಸಂಜೆ

ಗೋಕಾಕದಿಂದ ಮೆಕ್ಯಾನಿಕ್ ಕೇದಾರಿ ಬಂದಿದ್ದ. ಬೆಲ್ಟ್ ಸರಿ. ಮೋಟಾರ್ ಸರಿ. ಕೊನೆಗೆ ಡ್ರಮ್ಮಿನ ಬುಡದಿಂದ ಒಂದು ಸಣ್ಣ ರಬ್ಬರ್ ನಳಿಕೆ ಕಿತ್ತು ಅಂಗೈಗೆ ತಟ್ಟಿದ. ನುಣ್ಣನೆಯ ಹಸಿ ಮಣ್ಣು.

"ನೀರು ಎಷ್ಟ ಬಂತು ಅಂತ ಹೇಳೂದ ಇದ, ಅಕ್ಕಾರ. ಇದ ಕಟ್ಟೇತಿ. ಹೊಟ್ಟಿ ತುಂಬಿದ್ದ ಮಷೀನಿಗೆ ಗೊತ್ತಾಗವಲ್ದು — ನಮ್ಮ ಮಾವನಂಗ."

ನಕ್ಕೆ. ಅವನು ಕೈ ಒರೆಸಿಕೊಳ್ಳುತ್ತ, "ಬೋರ್ ನೀರಲ್ರಿ? ನಳಕ್ಕ ಒಂದ ಅರಿವಿ ಕಟ್ಟಿದ್ರ ಇಷ್ಟ ಆಗತಿದ್ದಿಲ್ಲ. ಜೈನರ ಮನಿಯವರು ನೀವು, ನಿಮಗ ನಾ ಹೇಳೂದೇನ್ರಿ?"

ಚುಚ್ಚಬೇಕೆಂದು ಹೇಳಿದ್ದಲ್ಲ. ಆದರೂ ತಲೆ ಎತ್ತಲಾಗಲಿಲ್ಲ. ಬಟ್ಟೆ ಕಟ್ಟಿದರೆ ನೀರು ನಿಧಾನ, ಶಾಲೆಗೆ ತಡ. ಅಷ್ಟೇ ಕಾರಣವೇ? ಸೈನ್ಸ್ ಟೀಚರ್ ನಾನು — ಒಳಗೊಳಗೆ ನಗುತ್ತಿರಲಿಲ್ಲವೇ?

8 ಸೆಪ್ಟೆಂಬರ್

ಎರಡು ಸಲ ತಿರುಗಿತು. ಮತ್ತೆ ನಿಂತಿತು. ಕೇದಾರಿ ಫೋನಿನಲ್ಲಿ, "ಮಣ್ಣು ಒಳಗ ಎಲ್ಲಾ ಕಡೆ ಕುಂತೈತ್ರಿ. ಅದರ ಆಸೆ ಬಿಡ್ರಿ."

13 ಸೆಪ್ಟೆಂಬರ್, ಶನಿವಾರ

ಅತ್ತೆ ಕೊಟ್ಟಿದ್ದ ಸೋಸುವ ಬಟ್ಟೆ ಕಪಾಟಿನಲ್ಲೇ ಇತ್ತು. ಮಡಿಕೆ ಸಹ ಬಿಚ್ಚಿರಲಿಲ್ಲ. ಎರಡು ಪದರ ಮಾಡಿ ನಳಕ್ಕೆ ಕಟ್ಟಿದೆ. ನಾಲ್ಕು ಸೀರೆ ಕೈಯಲ್ಲೇ ಒಗೆದೆ. ಮೊದಲ ಸಲ.

ಗಂಡನಿಗೆ ಎಲ್ಲ ಹೇಳಿದೆ; ಅತ್ತೆಗೂ ಹೇಳಿಬಿಡುತ್ತೇನೆ ಎಂದೆ. ವರ್ಧಮಾನ ಪೇಪರ್ ಕೆಳಗಿಳಿಸಲಿಲ್ಲ. "ಆರ ವರ್ಷ ನಾನೂ ಆ ನಳಾ ನೋಡೇನಿ. ಈಗ್ಯಾಕ ಹೇಳತಿ ಅವ್ವಗ? ಇದ್ದ ಸಮಾಧಾನ ಕಸಗೊಳ್ಳಾಕ?"

ಅವರಿಗಾಗಿ ಹೇಳುತ್ತೇನೋ, ನನ್ನ ಭಾರ ಇಳಿಸಿಕೊಳ್ಳಲೋ... ಗೊತ್ತಿಲ್ಲ.

ಮೇಘಾ ಮೆಸೇಜ್ ಮಾಡಿದ್ದಾಳೆ. ಈ ವಾರ ಕಳೆದರೆ ಹೆಚ್ಚು ಅಂದರಂತೆ ಡಾಕ್ಟರು.

14 ಸೆಪ್ಟೆಂಬರ್, ಭಾನುವಾರ

ಬೆಳಿಗ್ಗೆ ಚೀಲ ಹೋಯಿತು. ಸಂಜೆ ಮೇಘಾ, "ಅವ್ವಗ ಸೀರಿ ಉಡಿಸಿದ್ನಿ. ಎಷ್ಟ ಮಡಿ ಐತಿ ನೋಡ ಅಂತ ನನಗ ತೋರಿಸಿದ್ಲು. ಎರಡ ತುತ್ತು ಉಂಡ್ಲು ವೈನಿ, ಇವತ್ತ!"

ಅತ್ತೆಗೆ ಎಲ್ಲ ಒಪ್ಪಿಕೊಂಡು ಪತ್ರ ಬರೆದಾಗಿದೆ. ಆರು ಸಾಲು, ದಪ್ಪ ಅಕ್ಷರ — ಅತ್ತೆ ತಾವೇ ಓದುತ್ತಾರೆ. ಓದಿದ ಮೇಲೆ ಈ ನಾಲ್ಕು ಸೀರೆಯನ್ನೂ ನಂಬುವುದಿಲ್ಲ. ಖರೆಯಾದವು ಇವಷ್ಟೇ.

ಲಕೋಟೆಯ ಹಿಂದೆ ಪೆನ್ಸಿಲಿನಲ್ಲಿ ಬರೆದಿದ್ದೆ: ಪೋಸ್ಟ್, ಸೋಮವಾರ 15. ಈಗ ಅಳಿಸಿದೆ. ನಾಲ್ಕನ್ನೂ ಉಡಲಿ ಮೊದಲು. ಅಲ್ಲೇ ಮತ್ತೆ ಬರೆದೆ:

ಪೋಸ್ಟ್ — ಸೋಮವಾರ, 22 ಸೆಪ್ಟೆಂಬರ್