ಕೌದಿಯ ಕಿಸೆ ಎಣಿಸಿ ಹೋದ ಸಾಹೇಬರಿಗೆ

ತಾಲೀಮು ಖಾತೆ, ಅಂದರೆ ವಿದ್ಯಾ ಖಾತೆಯ ತನಿಖೆ ಸಾಹೇಬರಿಗೆ, ಹನುಮಸಾಗರದಿಂದ.

ಮಾನ್ಯರೇ,

ತಾವು ನಮ್ಮ ಮನೆಯ ಕೌದಿಯನ್ನು ಜಪ್ತಿ ಮಾಡಿದ್ದರಿಂದ ನಮ್ಮಲ್ಲಿ ಒಂದು ಮದುವೆ ನಿಶ್ಚಯವಾಗುವ ಹಂತಕ್ಕೆ ಬಂದಿದೆ. ಮದುಮಗಳಿಗೆ ಹನ್ನೊಂದು ವರ್ಷ. ಸರ್ಕಾರ ಒಂದು ಹೊದಿಕೆಯನ್ನು ಹೊತ್ತೊಯ್ದರೆ ಒಂದು ಹುಡುಗಿಯ ಕೊರಳಿಗೆ ತಾಳಿ ಹೇಗೆ ಬೀಳುತ್ತದೆ ಎಂದು ತಮಗೆ ಆಶ್ಚರ್ಯವಾಗಬಹುದು. ನನಗೂ ಆಗಿದೆ. ಅರ್ಜಿ ಬರೆದು ಕಳಿಸಿದರೆ ಅದು ತಮ್ಮ ಕಚೇರಿಯ ಯಾವ ಮೂಲೆಯಲ್ಲಿ ನಿದ್ದೆ ಹೋಗುತ್ತದೋ ಹೇಳಲಾಗದು. ಆದ್ದರಿಂದ ಗಡಿಯಾಚೆಯ ಪತ್ರಿಕೆಯವರ ಕೈಕಾಲು ಹಿಡಿದು, ನಾಲ್ಕು ಜನ ಓದುವಂತೆ ಇಲ್ಲಿಯೇ ಬರೆಯುತ್ತಿದ್ದೇನೆ.

ನನ್ನ ತವರು ಗಜೇಂದ್ರಗಡ. ಅಲ್ಲಿ ಕನ್ನಡ ಶಾಲೆಯಿತ್ತು, ನಾನು ಕಲಿತೆ. ಮದುವೆಯಾಗಿ ಇಂಗ್ರೇಜಿ ಸೀಮೆಯ ಗಡಿ ದಾಟಿ ನಿಜಾಮ ಸರ್ಕಾರದ ಹನುಮಸಾಗರಕ್ಕೆ ಬಂದೆ. ಅರ್ಧ ದಿನದ ಬಂಡಿ ಹಾದಿ, ಅಷ್ಟೆ. ಆದರೆ ಆಚೆ ನಾನು ಜಾಣೆ ಎನಿಸಿಕೊಂಡಿದ್ದೆ, ಈಚೆ ಬಂದ ಮೇಲೆ ನನ್ನ ವಿದ್ಯೆ ಕಳ್ಳಸಾಗಣೆಯ ಮಾಲಾಯಿತು. ಇಲ್ಲಿಯ ಸರ್ಕಾರಿ ಶಾಲೆಯಲ್ಲಿ ಪಾಠವೆಲ್ಲ ಉರ್ದುವಿನಲ್ಲಿ. ಉರ್ದು ಸಿಹಿ ಭಾಷೆ, ನಮ್ಮ ನೆರೆಯ ಮಾಶಾಬಿ ಬೈದರೂ ಹಾಡಿದಂತೆ ಕೇಳುತ್ತದೆ. ಆದರೆ ಮನೆಯಲ್ಲಿ ಕೇಳದ ಭಾಷೆಯಲ್ಲಿ ಮಗ್ಗಿ ಕಲಿಯುವ ಕೂಸಿನ ಪಾಡು ಏನು? ನಮ್ಮ ಭಾವ ಗ್ಯಾನಪ್ಪನವರ ಮಗ ದ್ಯಾವಪ್ಪನನ್ನು ಆ ಶಾಲೆಗೆ ಕಳಿಸಿದೆವು. ಹುಡುಗ ಹೋದ, ಕುಳಿತ, ಬಂದ. ಏನು ಕಲಿತೆಯೋ ಎಂದು ಕೇಳಿದರೆ, "ಮಾಸ್ತರ ಹೂಂ ಅಂದಾಗ ಹೂಂ ಅನ್ನೋದು ಕಲ್ತೀನಿ, ಚಿಕ್ಕವ್ವಾ" ಎಂದ. ಅವನಕ್ಕ ಹೊಳಿಯಮ್ಮನನ್ನು ಕಳಿಸೋಣವೆಂದರೆ ಅಲ್ಲಿ ಹೆಣ್ಣುಮಕ್ಕಳಿಗೆ ಜಾಗವೇ ಇಲ್ಲ. ಹೂಂ ಅನ್ನಲು ಹೆಣ್ಣುಮಕ್ಕಳಿಗೆ ಮಾಸ್ತರರು ಬೇಕಾಗಿಲ್ಲ, ಅದನ್ನು ಮನೆಯಲ್ಲಿಯೇ ಕಲಿಸುತ್ತಾರೆ.

ಹಾಗಾಗಿ ಭಾವನವರ ಇಬ್ಬರು, ನನ್ನ ಮೂವರು, ಒಟ್ಟು ಐದು ಮಕ್ಕಳಿಗೆ ನಾನೇ ಮನೆಯಲ್ಲಿ ಕಲಿಸತೊಡಗಿದೆ. ಸಾಹೇಬರೇ, ತಾವು ಎಂದಾದರೂ ಬೇರೆ ಬೇರೆ ವಯಸ್ಸಿನ ಐದು ಮಕ್ಕಳನ್ನು ಒಂದೇ ಪಡಸಾಲೆಯಲ್ಲಿ ಕೂರಿಸಿ, ಒಳಗೆ ಒಲೆಯ ಮೇಲೆ ರೊಟ್ಟಿ ಹಾಕಿ, ಹೊರಗೆ ಲೆಕ್ಕ ಹೇಳಿದ್ದೀರಾ? ಒಬ್ಬಳಿಗೆ ಭಾಗಾಕಾರ, ಒಬ್ಬನಿಗೆ ಕೂಡಿಸುವುದು, ಕೊನೆಯವನಾದ ಓಬಳೆಪ್ಪನಿಗೆ ಮೂಗು ಒರೆಸಿಕೊಳ್ಳುವುದು. ಯುದ್ಧ ಶುರುವಾದಂದಿನಿಂದ ಕಾಗದವೂ ಸಿಗದು. ಅಂಗಡಿಯಲ್ಲಿ ಬೆಲ್ಲ ಕಟ್ಟಿಕೊಟ್ಟ ಕಾಗದ, ಹಳೆಯ ಹಸ್ತಪತ್ರಿಕೆಯ ಬೆನ್ನು, ಇವೇ ನಮ್ಮ ಪುಸ್ತಕ. ಬರೆದಿಟ್ಟ ಲೆಕ್ಕ ಸಂಜೆಗೆ ಯಾರದು ಯಾರದೋ ಆಗುತ್ತಿತ್ತು. "ಇದು ನಂದು", "ಅಲ್ಲ, ನಂದು", ಒಂದೇ ರಂಪ.

ಆಗ ನಾನು ಕೌದಿ ಹೊಲಿದೆ. ಹಳೆಯ ಸೀರೆ, ಹರಿದ ಅಂಗಿಗಳ ತುಂಡು ಜೋಡಿಸಿ ನಮ್ಮ ಕಡೆಯ ಹೆಂಗಸರೆಲ್ಲ ಹೊಲಿಯುವ ಕೌದಿಯೇ. ಆದರೆ ಇದನ್ನು ಹೊದೆಯಲಿಲ್ಲ, ಪಡಸಾಲೆಯ ಗೋಡೆಗೆ ನೇತುಹಾಕಿದೆ. ಅದರ ಮೇಲೆ ಮಗುವಿಗೊಂದು ಸಾಲು, ಸಾಲಿಗೆ ಆರು ಕಿಸೆ, ದಿನಕ್ಕೊಂದರಂತೆ. ಆಯಾ ಮಗುವಿನ ಹಳೆಯ ಬಟ್ಟೆಯಿಂದಲೇ ಆಯಾ ಸಾಲು ಹೊಲಿದಿದ್ದರಿಂದ ಅಕ್ಷರ ಬಾರದ ಓಬಳೆಪ್ಪನಿಗೂ ತನ್ನ ಕಿಸೆ ಯಾವುದೆಂದು ಗೊತ್ತು. ಸೋಮವಾರ ನಮ್ಮಲ್ಲಿ ಎತ್ತಿಗೆ ನೊಗ ಇಡುವುದಿಲ್ಲ. ಎತ್ತಿಗೇ ಬಿಡುವಿರುವ ದಿನ ಮಕ್ಕಳಿಗೇಕೆ ದುಡಿಮೆ ಎಂದು ನಾನೂ ಅಂದು ಪಾಠ ಬಿಟ್ಟೆ. ಆ ಸಂಜೆ ಕುಳಿತು ವಾರದ ಪಾಠವನ್ನೆಲ್ಲ ಚೀಟಿಗಳಲ್ಲಿ ಬರೆದು ಕಿಸೆಗಳಿಗೆ ತುಂಬುತ್ತಿದ್ದೆ. ಮಾಡಿ ಮುಗಿಸಿದ ಕಾಗದವನ್ನು ಮಕ್ಕಳು ರೊಟ್ಟಿ ಬುಟ್ಟಿಗೆ ಹಾಕಬೇಕು, ವಾರದ ಕೊನೆಗೆ ನಾನು ಅವನ್ನು ತಿದ್ದಿ ಡಬ್ಬಣದಿಂದ ಮೆಣಸಿನಕಾಯಿ ಪೋಣಿಸಿದಂತೆ ಪೋಣಿಸಿ ತೊಲೆಗೆ ಕಟ್ಟಬೇಕು. ಇದು ನಮ್ಮ ಮನೆಯ ದಫ್ತರ.

ದಫ್ತರ ಎಂದ ಮೇಲೆ ಲಫಡಾ ಇರಲೇಬೇಕಲ್ಲ. ದ್ಯಾವಪ್ಪ ತನ್ನ ಗುರುವಾರದ ಗುಣಾಕಾರವನ್ನು ತಮ್ಮನ ಕಿಸೆಗೆ ಸಾಗಿಸಿದ. ಓಬಳೆಪ್ಪ ಅದನ್ನು ತೆಗೆದು ಮೂಸಿದ, ಬೆಲ್ಲದ ಕಾಗದ, ನೆಕ್ಕಿದ, ಆಮೇಲೆ ತಿಂದ. ವಿಚಾರಣೆಗೆ ಕರೆದರೆ ದ್ಯಾವಪ್ಪ, "ನಾ ಲೆಕ್ಕಾ ಮಾಡಿದ್ದೆ, ಇಂವ ತಿಂದಾನ" ಎಂದು ಕೈ ಝಾಡಿಸಿದ. ಕೋತಿ ಮೊಸರು ತಿಂದು ಮೇಕೆಯ ಬಾಯಿಗೆ ಒರೆಸಿದ ಕಥೆ. ಆದರೂ ಹೇಳುತ್ತೇನೆ, ಆ ಕೌದಿ ಗೋಡೆಗೆ ಏರಿದ ಮೇಲೆ ಮಕ್ಕಳು ಬೆಳಗೆದ್ದು ಮುಖ ತೊಳೆಯುವ ಮೊದಲೇ ಕಿಸೆಗೆ ಕೈ ಹಾಕುತ್ತಿದ್ದವು. ಹೊಳಿಯಮ್ಮನಂತೂ ಮೂರು ದಿನದ ಪಾಠವನ್ನು ಒಂದೇ ದಿನಕ್ಕೆ ಮುಗಿಸಿ "ಇನ್ನೇನೈತಿ, ಚಿಕ್ಕವ್ವಾ" ಎಂದು ಬೆನ್ನು ಹತ್ತುತ್ತಿದ್ದಳು. ಗಜೇಂದ್ರಗಡದ ಶಾಲೆಯಲ್ಲಿ ಅವಳನ್ನು ನಾಲ್ಕನೇ ಇಯತ್ತೆಯ ಪರೀಕ್ಷೆಗೆ ಕೂರಿಸಲು ಅಲ್ಲಿಯ ಹೆಡ್‌ಮಾಸ್ತರರು ಒಪ್ಪಿದ್ದಾರೆ. ಭಾವನವರು ಸುಲಭಕ್ಕೆ ಒಪ್ಪಲಿಲ್ಲ. ಹುಡುಗಿಯನ್ನು ಕೇಳಿಕೊಂಡು ಒಂದು ಮನೆತನದವರು ಆಗಲೇ ಬಂದು ಹೋಗಿದ್ದರು. "ಸಾಲಿ ನಡದ್ರ ಲಗ್ನ ಮುಂದಕ್ಕ, ಸಾಲಿ ನಿಂತ್ರ ಈ ವರ್ಷನ. ಇದು ನನ್ನ ಮಾತು" ಎಂದು ಕೊನೆಗೆ ಒಂದು ಕರಾರು ಹಾಕಿದರು. ಅಷ್ಟಕ್ಕೇ ನಾನು ಕೈಮುಗಿದೆ.

ಹೀಗಿರುವಾಗ ತಾವು ದಯಮಾಡಿಸಿದಿರಿ. ನಮ್ಮ ದುರ್ದೈವಕ್ಕೆ ಅಂದು ಸೋಮವಾರ. ಮಕ್ಕಳೆಲ್ಲ ಎತ್ತಿನ ಮೈ ತೊಳೆಯಲು ಹಳ್ಳಕ್ಕೆ ಹೋಗಿದ್ದವು. ಪಡಸಾಲೆಯಲ್ಲಿ ಇದ್ದದ್ದು ನಾನು ಮತ್ತು ಕೌದಿ. ತಾವು ಗೋಡೆಯ ಮುಂದೆ ನಿಂತು ಬೆರಳು ಮಡಚುತ್ತ ಕಿಸೆಗಳನ್ನು ಎಣಿಸಿದಿರಿ. ತಮ್ಮ ಕಚೇರಿಯಲ್ಲಿ ಗುಮಾಸ್ತನಿಗೊಂದು ಖಾನೆಯಂತೆ, ಇಲ್ಲಿಯೂ ಹುಡುಗನಿಗೊಂದು ಕಿಸೆ ಎಂದು ತಿಳಿದಿರಿ. ಉರ್ದುವಿನಲ್ಲಿ ತಾವು ಏನೋ ಅಂದಿರಿ. ತಮ್ಮ ಪೇದೆ ಶಬ್ಬೀರಸಾಬ ಅದನ್ನು ಕನ್ನಡಿಸಿ, "ಮೂವತ್ತು ಹುಡುಗ್ರ ಸಾಲಿ ನಡಸಾಕತ್ತೀರಂತ. ಪರವಾನಗಿ ಎಲ್ಲೈತಿ ಅಂತ ಕೇಳಾಕತ್ತಾರ್ರಿ" ಎಂದ.

"ಐದ ಮಕ್ಕಳ್ರಿ, ಎಲ್ಲಾ ನಮ್ಮ ಮನೀವ" ಎಂದೆ ನಾನು.

ತಾವು ನಕ್ಕಿರಿ. ಶಬ್ಬೀರಸಾಬ ನಗದೆ ಹೇಳಿದ: "ಉಳದ ಇಪ್ಪತ್ತೈದು ಮಂದೀನ ಎಲ್ಲಿ ಬಚ್ಚಿಟ್ಟೀರಿ ಅಂತಾರ್ರಿ."

ಮಗುವಿಗೆ ಆರು ಕಿಸೆ, ವಾರಕ್ಕೆ ಆರು ದಿನ ಎಂದೆ. ಸರ್ಕಾರಿ ಶಾಲೆಯಂತೆ ಶುಕ್ರವಾರ ರಜೆ ಬಿಡದೆ ಸೋಮವಾರ ಬಿಡುವುದೇಕೆ, ನಾವು ಬರುವ ಸುಳಿವು ಸಿಕ್ಕಿ ಹುಡುಗರನ್ನು ಓಡಿಸಿದ್ದೀರಿ ಎಂದಿರಿ. ಎತ್ತಿನ ಸಂಗತಿ ಹೇಳಿದೆ. ಶಬ್ಬೀರಸಾಬ ಅದನ್ನು ಹೇಗೆ ಅನುವಾದಿಸಿದನೋ ಕಾಣೆ, ತಮ್ಮ ಮುಖ ಕೆಂಪಾಯಿತು. ಒಂದು ಗಳಿಗೆ ಕಾದಿದ್ದರೆ ಐದೂ ಮಕ್ಕಳು ಒದ್ದೆ ಬಟ್ಟೆಯಲ್ಲಿ ತಮ್ಮ ಮುಂದೆ ಸಾಲಾಗಿ ನಿಲ್ಲುತ್ತಿದ್ದವು. ಆದರೆ ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಮಳೆಗಾಲವೆಲ್ಲ ಕುಳಿತು ಹೊಲಿದದ್ದನ್ನು ಗೋಡೆಯಿಂದ ಕಿತ್ತು, ಸುತ್ತಿ, ಟಾಂಗಾದಲ್ಲಿ ಇಟ್ಟುಕೊಂಡು ಹೋದಿರಿ. ಒಂದು ಎಚ್ಚರಿಕೆ ಹೇಳಿಬಿಡುತ್ತೇನೆ. ಕೌದಿ ಹಸಿದಿರಬಾರದೆಂದು ಅದರ ಕೊನೆಯ ಮೂಲೆಯಲ್ಲಿ ರೊಟ್ಟಿಯ ಚೂರು ಇಟ್ಟು ಹೊಲಿಯುವುದು ನಮ್ಮ ಪದ್ಧತಿ. ತಮ್ಮ ದಾಖಲೆ ಕೋಣೆಯ ಇಲಿಗಳಿಗೆ ಈ ವಿಷಯ ತಿಳಿದರೆ ಮುಂದಿನದಕ್ಕೆ ನಾನು ಜವಾಬ್ದಾರಳಲ್ಲ.

ಮರುವಾರ ನನ್ನ ಹೆಸರಿಗೆ ತಮ್ಮ ಹುಕುಂ ಬಂತು: ಪಾರ್ವತೆಮ್ಮ ಎಂಬ ಹೆಂಗಸು ಪರವಾನಗಿ ಇಲ್ಲದೆ ಮೂವತ್ತು ವಿದ್ಯಾರ್ಥಿಗಳ ಖಾಸಗಿ ಶಾಲೆ ನಡೆಸುತ್ತಿದ್ದು, ಆಕೆ ಇನ್ನು ಕಲಿಸಕೂಡದು. ಅದನ್ನು ಓಣಿ ಓಣಿಗೆ ಡಂಗುರ ಸಾರಿಸಿದಿರಿ. ಭಾವನವರು ಡಂಗುರ ಕೇಳಿ ಕಟ್ಟೆಯಿಂದ ಎದ್ದು ಬಂದು, "ಸರ್ಕಾರನ ಮುಚ್ಚಿಸ್ತಲ್ಲ ತಂಗೀ, ಇನ್ನ ನನ್ನ ಕೈಯಾಗ ಏನೈತಿ. ಹುಣ್ಣಿಮಿಗೆ ಬೀಗರನ್ನ ಕರಸ್ತೀನಿ" ಎಂದರು. ಹೊಳಿಯಮ್ಮ ಒಳಗೆ ಹಿಟ್ಟು ನಾದುತ್ತಿದ್ದಳು. ಆ ದಿನ ನನಗೆ ತಮ್ಮ ಮೇಲೆ ಬಂದ ಸಿಟ್ಟನ್ನು ಇಲ್ಲಿ ಬರೆದರೆ ಪತ್ರಿಕೆಯವರು ಅಚ್ಚು ಹಾಕಲಿಕ್ಕಿಲ್ಲ.

ಆದರೆ ಡಂಗುರದ ಗುಣ ನೋಡಿ. ನಮ್ಮ ಮನೆಯಲ್ಲಿ ಪಾಠ ನಡೆಯುತ್ತಿದೆ ಎಂದು ಊರಿನ ಅರ್ಧ ಜನಕ್ಕೆ ಅಲ್ಲಿಯವರೆಗೆ ಗೊತ್ತೇ ಇರಲಿಲ್ಲ. ಮರುದಿನ ಬೆಳಿಗ್ಗೆ ಮಾಶಾಬಿ ಮೊಮ್ಮಗಳ ಕೈ ಹಿಡಿದು ಬಂದು ನಿಂತಳು. "ನಿಮ್ಮ ಮನ್ಯಾಗ ಮೂವತ್ತು ಹುಡುಗ್ರಿಗೆ ಜಾಗಾ ಐತಿ ಅಂತ ಸರ್ಕಾರದವ್ರ ಸಾರ್ಯಾರ. ನಮ್ಮ ಹುಡಿಗಿ ಎಲ್ಲಿ ಕುಂದ್ರಬೇಕು ಹೇಳ್ರಿ" ಎಂದಳು. ಇದು ಮುಚ್ಚಿದ ಶಾಲೆ ಎಂದೆ. "ಮುಚ್ಚೂದಿದ್ರ ಊರಿಗೆಲ್ಲಾ ಯಾಕ ಹೇಳ್ತಿದ್ರು" ಎಂದು ಮಗುವನ್ನು ಕೂರಿಸಿಯೇ ಹೋದಳು. ಅವಳ ಹಿಂದೆ ಗಾಣಿಗರ ಮನೆಯವರು, ಕುರುಬರ ಮನೆಯವರು. ವಾರ ತುಂಬುವಷ್ಟರಲ್ಲಿ ಪಡಸಾಲೆ ಸಾಲದೆ ಮಕ್ಕಳು ದನದ ಕೊಟ್ಟಿಗೆಯವರೆಗೆ ಕುಳಿತವು. ನಿನ್ನೆ ಎಣಿಸಿದೆ, ಸಾಹೇಬರೇ, ಸರಿಯಾಗಿ ಮೂವತ್ತು. ತಮ್ಮ ವರದಿ ಸುಳ್ಳಾಗಬಾರದೆಂದು ನಮ್ಮೂರು ಇಷ್ಟು ಕಷ್ಟಪಟ್ಟಿದೆ.

ನಾನು ಕಲಿಸುತ್ತಿಲ್ಲ. ಹುಕುಂ ಶಿರಸಾವಹಿಸಿ ರೊಟ್ಟಿ ಬಡಿಯುತ್ತಿದ್ದೇನೆ. ಕಲಿಸುತ್ತಿರುವವಳು ಹೊಳಿಯಮ್ಮ. ಅವಳ ಹೆಸರು ಹುಕುಮಿನಲ್ಲಿ ಎಲ್ಲಿಯೂ ಇಲ್ಲ, ಬೇಕಾದರೆ ಇನ್ನೊಮ್ಮೆ ಓದಿಕೊಳ್ಳಿ. ಮೊನ್ನೆ ಭಾವನವರು ಬಾಗಿಲಲ್ಲಿ ನಿಂತು, ತಮ್ಮ ಮಗಳು ಅಷ್ಟೂ ಮಕ್ಕಳಿಗೆ ಮಗ್ಗಿ ಹೇಳುವುದನ್ನು ಬಹಳ ಹೊತ್ತು ನೋಡಿದರು. ಆಮೇಲೆ ನನ್ನ ಹತ್ತಿರ ಬಂದು, "ಸರ್ಕಾರದ ಕಾಗದ ಒಂದು ಬರ್ಲಿ, ಬೀಗರಿಗೆ ನಾನ ಹೇಳ್ತೀನಿ. ಕಾಗದ ಇಲ್ದ ನಾ ಏನಂತ ಬಾಯಿ ತಗೀಲಿ" ಎಂದರು. ಹುಣ್ಣಿಮೆ ದೂರವಿಲ್ಲ. ನನಗೆ ಭಯವಾಗಿದೆ. ಇಷ್ಟು ಹೊತ್ತು ತಮಾಷೆ ಮಾಡಿದವಳು ಇದನ್ನು ಮಾತ್ರ ನಿಜವಾಗಿ ಹೇಳುತ್ತಿದ್ದೇನೆ.

ಆದ್ದರಿಂದ ನನ್ನ ಬೇಡಿಕೆ. ಕೌದಿ ತಮ್ಮಲ್ಲಿಯೇ ಇರಲಿ, ಚಳಿಗೆ ಹೊದ್ದುಕೊಳ್ಳಿ. ಮೂವತ್ತು ಮಕ್ಕಳ ಶಾಲೆ ಇದೆ ಎಂದು ತಾವೇ ಬರೆದಿದ್ದೀರಿ, ಅದಕ್ಕೊಂದು ಪರವಾನಗಿ ಬರೆಯಿರಿ. ಶಿಕ್ಷಕರ ಹೆಸರಿನ ಜಾಗದಲ್ಲಿ ಹೊಳಿಯಮ್ಮ ಎಂದಿರಲಿ, ವಯಸ್ಸಿನ ಜಾಗದಲ್ಲಿ ಹನ್ನೊಂದು. ಅದು ಸಾಧ್ಯವಿಲ್ಲ, ಹನ್ನೊಂದು ವರ್ಷದ ಹುಡುಗಿ ಇಂಥ ಭಾರ ಹೊರಲು ತೀರ ಚಿಕ್ಕವಳು ಎಂದು ತಮಗೆ ಅನ್ನಿಸಿದರೆ, ದಯವಿಟ್ಟು ಅದೊಂದು ಮಾತನ್ನೇ ಕನ್ನಡದಲ್ಲಿ ಬರೆಸಿ, ಸರ್ಕಾರಿ ಮುದ್ರೆ ಒತ್ತಿ, ಹುಣ್ಣಿಮೆಯೊಳಗೆ ಕಳಿಸಿಕೊಡಿ. ಬೀಗರ ಮುಂದೆ ಭಾವನವರು ಅದನ್ನು ಓದಿ ಹೇಳುತ್ತಾರೆ.

ಇಂತಿ,
ತಮ್ಮ ಹುಕುಮಿಗೆ ತಲೆಬಾಗಿ, ರೊಟ್ಟಿ ಸೀಯಿಸುತ್ತ ಕುಳಿತಿರುವ
ಪಾರ್ವತೆಮ್ಮ
ಹನುಮಸಾಗರ, ಕುಷ್ಟಗಿ ತಾಲೂಕು